ಖಾಲಿ ಮಂಚದ ಮಗು

ಮಗುವಿನ ತಲೆ ಕೈಗೆ ಸಿಕ್ಕಿತ್ತು. ಗುಂಡಗೆ, ಗಟ್ಟಿಯಾಗಿ, ಕೆಳಗೆ, ಇರಬೇಕಾದ ಜಾಗದಲ್ಲೇ ಇತ್ತು. ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದರೆ ಬಿಂದಿಗೆಯ ನೀರಲ್ಲಿ ಬಿಟ್ಟ ಮೂಸಂಬಿಯ ಹಾಗೆ ಅತ್ತ ಸರಿದು ಇತ್ತ ಬರುತ್ತಿತ್ತು. ನೀಲಾಂಬಿಕೆ ಹೊಟ್ಟೆ ಮುಟ್ಟಿ ನೋಡುವಾಗ ಯಾವತ್ತೂ ಕಣ್ಣು ಮುಚ್ಚಿಕೊಳ್ಳುವವಳು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಮಾಡಿದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ. "ಏನೂ ಹೆದರಬ್ಯಾಡ ತಾಯಿ, ತಲೆ ಕೆಳಗೇ ಐತೆ" ಎಂದು ಹೇಳಿ ಕಣ್ಣು ತೆರೆದಳು.

ಎದುರಿನ ಪರದೆಯಲ್ಲಿ ಮಂಚ ಖಾಲಿಯಾಗಿತ್ತು.

ಬಸುರಿ ಆಗಲೇ ಎದ್ದು, ಗೋಡೆಯ ಕಡೆ ತಿರುಗಿಕೊಂಡು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅವಳ ಹೊಟ್ಟೆಯ ಮೇಲಿರಬೇಕಾದ ದಿಂಬು ಹಾಸಿಗೆಯ ಮೇಲೆ ಬಿದ್ದಿತ್ತು. ಆದರೂ ನೀಲಾಂಬಿಕೆಯ ಅಂಗೈಯಲ್ಲಿ ತಲೆ ಇನ್ನೂ ಇತ್ತು. ಅವಳು ಏಳರವರೆಗೆ ಎಣಿಸಿದಳು. ಆಮೇಲೆ ಅದು ತಾನಾಗಿಯೇ ಇಲ್ಲವಾಯಿತು.

"ಓಬಮ್ಮ, ಆಕೆ ಯಾವಾಗ ಎದ್ದಿದ್ದು?"

"ಆಗ್ಲೇ ಎದ್ಲಲ್ಲಕ್ಕ. ನೀವು ಸುಮ್ಮನಾದ್ರಿ, ಆತೇನೋ ಅನ್ಕಂಡು ನಾನೇ ಏಳು ಅಂದೆ" ಎಂದಳು ಆ ಕಡೆಯ ನರ್ಸು ಓಬಮ್ಮ.

ನೀಲಾಂಬಿಕೆ ತನ್ನ ಅಂಗೈ ನೋಡಿಕೊಂಡಳು.

ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಓದುವವರು ನನ್ನನ್ನು ಬೈದುಕೊಳ್ಳುತ್ತಾರೆ. ನೀಲಾಂಬಿಕೆ ಕೂತಿದ್ದುದು ದಾವಣಗೆರೆಯ ತನ್ನ ಮನೆಯ ಮಹಡಿ ಕೋಣೆಯಲ್ಲಿ. ಬಸುರಿ ಇದ್ದುದು ನೂರಮೂವತ್ತು ಕಿಲೋಮೀಟರ್ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಕೋಡಿಹಟ್ಟಿಯ ಆರೋಗ್ಯ ಉಪಕೇಂದ್ರದಲ್ಲಿ. ಅಲ್ಲಿಗೆ ಡಾಕ್ಟರು ಹೋಗುವುದಿಲ್ಲ, ಹೋದವರು ನಿಲ್ಲುವುದಿಲ್ಲ. ಅದಕ್ಕೇ ದೂರಸ್ಪರ್ಶ ಎಂಬ ಯೋಜನೆ ಬಂತು. ಬಸುರಿಯ ಹೊಟ್ಟೆಯ ಮೇಲೆ ಒಂದು ದಿಂಬು ಇಡುತ್ತಾರೆ. ಅದರ ಅಡಿಯಲ್ಲಿ ಐದು ಸಾವಿರ ಸಣ್ಣ ಸಣ್ಣ ಬಿಂದುಗಳಿವೆ. ಒಂದೊಂದೂ ತನ್ನ ಕೆಳಗಿರುವುದು ಗಟ್ಟಿಯೋ ಮೆತ್ತಗೋ ಎಂದು ಸೆಕೆಂಡಿಗೆ ಸಾವಿರ ಸಲ ಹೇಳುತ್ತದೆ. ಅದೆಲ್ಲ ತಂತಿಯಲ್ಲಿ ಹರಿದು ಬಂದು, ಇಲ್ಲಿ ನೀಲಾಂಬಿಕೆ ತೊಟ್ಟ ಗವಸಿನೊಳಗೆ ಅದೇ ಗಟ್ಟಿ, ಅದೇ ಮೆದುವಾಗಿ ಅವಳ ಕೈಗೆ ತಾಗುತ್ತದೆ. ಅವಳು ಇಲ್ಲಿ ಒತ್ತಿದರೆ ಅಲ್ಲಿ ದಿಂಬು ಒತ್ತುತ್ತದೆ. ಮಾತು, ಚಿತ್ರ ಮೊಬೈಲಿನಲ್ಲೂ ಬಂದಾವು, ಮುಟ್ಟುವುದಕ್ಕೆ ಮಾತ್ರ ಅಗಲವಾದ ದಾರಿ ಬೇಕು. ಆದ್ದರಿಂದ ಅವಳ ಮನೆಯ ಗೋಡೆಯ ಮೇಲಿನ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಒಂದು ದಪ್ಪ ನೀಲಿ ವೈರು ಎಳೆದಿದ್ದರು. ಮಂಡಿ ಸವೆದು ನಿವೃತ್ತಿಯಾದ ನೀಲಕ್ಕನ ಕೈ ಈ ವೈರಿನ ಪುಣ್ಯದಿಂದ ಒಂಬತ್ತು ಹಳ್ಳಿಗಳಿಗೆ ಮುಟ್ಟುತ್ತಿತ್ತು.

ಆ ಕೈ ಈಗ ಇಲ್ಲದ ತಲೆಯನ್ನು ಮುಟ್ಟಿತ್ತು.

ಅವಳು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು, ಕೂತಳು, ಮತ್ತೆ ಎದ್ದಳು. ಹತ್ತು ಹನ್ನೆರಡು ದಿನದಿಂದ ಏನೋ ಸರಿಯಿಲ್ಲ ಎಂಬ ಕಸಿವಿಸಿ ಇದ್ದೇ ಇತ್ತು. ಸಣಕಲಿಯ ಹೊಟ್ಟೆ, ದಪ್ಪಗಿನವಳ ಹೊಟ್ಟೆ, ಚೊಚ್ಚಲು, ಐದನೆಯದು, ಎಲ್ಲವೂ ಕೈಗೆ ಒಂದೇ ಥರ, ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಸಿಗುತ್ತಿದ್ದವು. ವಯಸ್ಸಾಯಿತು, ಕೈ ಜಡ್ಡುಗಟ್ಟಿತು ಎಂದು ಸುಮ್ಮನಾಗಿದ್ದಳು. ಈಗ ಒಂದೇ ಹೆಸರು ತಲೆಯೊಳಗೆ ಗುಂಗಾಡಿ ಹುಳದ ಹಾಗೆ ತಿರುಗತೊಡಗಿತು. ಹೊನ್ನೂರಮ್ಮ.

ಹೊನ್ನೂರಮ್ಮ ಕೋಡಿಹಟ್ಟಿಯ ಕುರಿಗಾರರ ಹೆಣ್ಣುಮಗಳು, ನಾಲ್ಕನೇ ಬಸುರಿ. ಒಂಬತ್ತು ದಿನದ ಹಿಂದೆ ಅವಳ ಹೊಟ್ಟೆ ಮುಟ್ಟಿ, ತಲೆ ಕೆಳಗಿದೆ, ಊರಲ್ಲೇ ಹೆರಿಗೆ ಆಗಬಹುದು ಎಂದು ಬರೆದು ಸಹಿ ಹಾಕಿದ್ದು ಇದೇ ನೀಲಾಂಬಿಕೆ. ಆ ತಲೆ ನಿಜವಾದ ತಲೆಯೋ, ಇವತ್ತು ಸಿಕ್ಕಂಥ ತಲೆಯೋ? ಮಗು ಅಡ್ಡ ಮಲಗಿದ್ದು, ನೋವು ಅಲ್ಲೇ ಶುರುವಾದರೆ ತಾಲ್ಲೂಕು ಆಸ್ಪತ್ರೆಗೆ ಒಂದೂವರೆ ತಾಸಿನ ದಾರಿ. ಮೊದಲು ಮಗುವಿನ ಕೈ ಹೊರಗೆ ಬರುತ್ತದೆ. ಅಂಥದ್ದನ್ನು ಅವಳು ತನ್ನ ಸರ್ವೀಸಿನಲ್ಲಿ ಎರಡು ಸಲ ನೋಡಿದ್ದಳು, ಎರಡು ಸಲವೂ ಮನೆಗೆ ಹೋಗಿ ಊಟ ಮಾಡಿರಲಿಲ್ಲ.

"ಓಬಮ್ಮ, ಹೊನ್ನೂರಮ್ಮನ್ನ ಈಗಿಂದೀಗ್ಲೇ ತಾಲ್ಲೂಕಿಗೆ ಕಳಿಸು. ಸ್ಕ್ಯಾನ್ ಆಗ್ಲಿ."

"ಅವರತ್ತೆ ಬಿಡಂಗಿಲ್ಲಕ್ಕ. ಮೊದ್ಲಿನ ಮೂರೂ ಇಲ್ಲೇ ಆಗ್ಯಾವೆ, ದೊಡ್ಡ ಸಿಸ್ಟರೇ ಕೈಯಿಟ್ಟು ನೋಡಿ ಸರಿ ಐತೆ ಅಂದಾರೆ ಅಂತ ಊರ ತುಂಬ ಹೇಳ್ಕಂಡು ತಿರುಗ್ತಾಳೆ. ಈಗ ಏನಂತ ಹೇಳ್ಲಿ?"

"ನೀನೇ ಒಂದ್ಸಲ ಕೈಯಾಗೆ ನೋಡು."

"ನಾನು ಇಂಜೆಕ್ಷನ್ ಕೊಡ್ತೀನಿ, ಬಿಪಿ ನೋಡ್ತೀನಿ. ಹೊಟ್ಟೆ ಮುಟ್ಟಿದ್ರೆ ನನಗೆ ಕುಂಡಿ ಯಾವುದು, ತಲೆ ಯಾವುದು ತಿಳಿಯಂಗಿಲ್ಲಕ್ಕ, ಸುಳ್ಳು ಯಾಕೆ ಹೇಳ್ಲಿ. ಸಂಜೆ ನಾಕಕ್ಕೆ ಕರ್ಕಂಬರ್ತೀನಿ, ನೀವೇ ನೋಡಿ ಅವರತ್ತೆಗೆ ಹೇಳ್ರಿ." ಮತ್ತೆ ಸೇರಿಸಿದಳು: "ನಿನ್ನೆಯಿಂದ ಸೊಂಟ ಹಿಡ್ಕಂಡೈತೆ ಅಂತಿದ್ಲು."

ನಾಲ್ಕು ಗಂಟೆಯೊಳಗೆ ಲೈನು ಸರಿಯಾಗಬೇಕಿತ್ತು.

ನಿಯಂತ್ರಣ ಕೇಂದ್ರಕ್ಕೆ ಫೋನು ಹಚ್ಚಿದಳು. ಎತ್ತಿದವಳು ತಬಸ್ಸುಮ್, ದಾವಣಗೆರೆಯ ಹೈವೇ ಪಕ್ಕದ ಆ ಕೇಂದ್ರದಲ್ಲಿ ಕೂತು ಇಂಥ ಅರವತ್ತು ಮನೆಗಳ ಲೈನು ನೋಡಿಕೊಳ್ಳುವ ಇಂಜಿನಿಯರು. ಕಂಪ್ಯೂಟರ್ ಆರಿಸಿ ಹಚ್ಚಿ ಎಂದಳು, ಹಚ್ಚಿದ್ದಾಯಿತು. ಪೆಟ್ಟಿಗೆಯ ಕರೆಂಟು ತೆಗೆದು ಹಾಕಿ ಎಂದಳು, ಅದೂ ಆಯಿತು. "ನಮ್ಮ ಕಡೆಯಿಂದ ನಿಮ್ಮನೆ ಗೋಡೆ ಪೆಟ್ಟಿಗೆವರೆಗೂ ಲೈನ್ ಚೊಕ್ಕಟವಾಗಿದೆ ನೀಲಕ್ಕ. ಆ ಪೆಟ್ಟಿಗೆಗೆ, ವೈರಿಗೆ ಯಾರಾದ್ರೂ ಕೈ ಹಾಕಿದ್ರಾ?"

"ಇಲ್ಲವ್ವ, ಯಾರು ಕೈ ಹಾಕ್ತಾರೆ. ದೇವರ ಕೋಣೆ ಇದ್ದಂಗೆ ಇಟ್ಕಂಡೀನಿ" ಎಂದಳು ನೀಲಾಂಬಿಕೆ. ಅವಳ ಮಟ್ಟಿಗೆ ಅದು ಅಪ್ಪಟ ನಿಜವಾಗಿತ್ತು.

ಅಷ್ಟರಲ್ಲಿ ಗಂಡ ಪಂಚಾಕ್ಷರಿ ಊಟಕ್ಕೆ ಬಂದ. ಹಳೇ ಕಾಟನ್ ಮಿಲ್ಲಿನ ಹಿಂದೆ ಅವನದೊಂದು ಲೇತ್ ಶಾಪ್ ಇತ್ತು. ಕಬ್ಬಿಣ ಕೊರೆಯುವ ಮನುಷ್ಯನಿಗೆ ಜಗತ್ತಿನ ಯಾವ ಯಂತ್ರವೂ ಲೆಕ್ಕಕ್ಕಿಲ್ಲ. ರೊಟ್ಟಿ ಆರಲಿ ಎಂದು ಅಂಗಿ ತೋಳು ಮಡಚಿ, ಕಂಪ್ಯೂಟರಿನ ಹಿಂದೆ ತಲೆ ತೂರಿಸಿ, ಆ ತುದಿಯ ವೈರನ್ನು ಎಳೆದು ಊದಿ ಮತ್ತೆ ಸಿಕ್ಕಿಸಿದ. ಗೋಡೆಯ ಕಡೆಯ ತುದಿಗೆ ಕೈ ಚಾಚಿದವನು ಅದಕ್ಕೆ ಕಟ್ಟಿದ್ದ ಅರಿಶಿನದ ದಾರ ಕಂಡು ಹಿಂದೆಗೆದ. ಪೂಜೆ ಮಾಡಿ ಕಟ್ಟಿದ ದಾರ ತಾನಾಗಿ ಬೀಳಬೇಕೇ ಹೊರತು ಬಿಚ್ಚಬಾರದು; ಲೇತಿಗೆ ಕಟ್ಟಿದ್ದನ್ನೂ ಅವನು ಹಾಗೇ ಬಿಟ್ಟಿದ್ದ. ಆಮೇಲೆ ಮೊಬೈಲಿನಲ್ಲಿ ಯಾರನ್ನೋ ಕೇಳಿಕೊಂಡು ಲೈನಿನ ವೇಗದ ಪರೀಕ್ಷೆ ಓಡಿಸಿದ. ಪರದೆಯ ಮೇಲೆ ಮುಳ್ಳು ಓಡಿ ಓಡಿ ನಿಂತಿತು.

"ತೊಂಬತ್ನಾಕು ಬಂದೈತೆ ನೋಡು. ನನ್ನ ಜನ್ಮದಾಗೆ ನನಗೆ ಇಷ್ಟು ಮಾರ್ಕ್ಸ್ ಬಂದಿಲ್ಲ. ಲೈನು ಫಸ್ಟ್ ಕ್ಲಾಸ್ ಐತೆ, ನಿನ್ನ ತಲಿಗೇ ಏನೋ ಆಗೈತೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಅವನ ಮಾತು ಮುಗಿಯುವುದರೊಳಗೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಆಟೋ ನಿಲ್ಲಿಸಿದಳು. ಲೈನು ಸರಿಯಿದ್ದರೆ ತನ್ನ ಕೈಯೇ ಕೆಟ್ಟಿದೆ ಎಂದಾಯಿತಲ್ಲ, ಅದನ್ನು ಕಣ್ಣಾರೆ ನೋಡಿಯೇ ಬಿಡಬೇಕು ಎಂಬ ಹಟ ಹುಟ್ಟಿತ್ತು.

ಕೇಂದ್ರದ ಹಾಲಿನಲ್ಲಿ ಗೋಡೆ ತುಂಬ ಪರದೆಗಳು, ಎಸಿಯ ಚಳಿ. ತಬಸ್ಸುಮ್ ಎದ್ದು ಕುರ್ಚಿ ಎಳೆದು ಕೊಟ್ಟಳು. "ಇಲ್ಲಿರೋ ಗವಸಿನಲ್ಲೇ ಆ ಹುಡುಗೀನ ನೋಡಿಬಿಡ್ತೀನಿ" ಎಂದು ನೀಲಾಂಬಿಕೆ ದುಂಬಾಲು ಬಿದ್ದಳು. ಅದು ಆಗುವ ಮಾತಾಗಿರಲಿಲ್ಲ. ಗವಸು ಅವರವರ ಕೈಗೆ, ಅವರವರ ಕಂಪ್ಯೂಟರಿಗೆ ಒಗ್ಗಿಸಿದ್ದು, ಹೊಸದಾಗಿ ಒಗ್ಗಿಸಲು ಎರಡು ದಿನ ಬೇಕು.

"ಹಂಗಾದ್ರೆ ಹೊನ್ನೂರಮ್ಮನ ಅವತ್ತಿನ ಪರೀಕ್ಷೆ ತೆಗಿ."

ತಬಸ್ಸುಮ್ ತೆಗೆದಳು. ಪರದೆಯ ಮೇಲೆ ಎರಡು ಅಂಗೈಗಳ ಚಿತ್ರ ಮೂಡಿತು. ಅದರ ತುಂಬ ಚುಕ್ಕೆಗಳಿದ್ದವು. ಕೆಲವು ನೀಲಿ, ಉಳಿದವು ಬೂದು ಬಣ್ಣದವು.

"ನೀಲಿ ಅಂದ್ರೆ ಹಳ್ಳಿಯಿಂದ ನಿಜವಾಗಿ ಬಂದದ್ದು. ಬೂದು ಅಂದ್ರೆ ಪೂರಕ" ಎಂದ ತಬಸ್ಸುಮ್ಮಳ ದನಿ ಇಳಿದಿತ್ತು. "ಲೈನ್ ತಡವರಿಸಿದಾಗ ಕೈಗೆ ಏನೂ ಸಿಗದೆ ತೂತು ಬೀಳಬಾರದಲ್ಲ ಅಕ್ಕ, ಅದಕ್ಕೆ ಅಲ್ಲಿ ಏನಿರಬಹುದು ಅಂತ ಕಂಪ್ಯೂಟರೇ ಊಹಿಸಿ ತುಂಬುತ್ತೆ. ನೂರರಲ್ಲಿ ಒಂದೋ ಎರಡೋ ಇರಬೇಕು. ಇಲ್ಲಿ..."

ಇಲ್ಲಿ ಅಂಗೈ ಪೂರ್ತಿ ಬೂದಿ ಬಳಿದ ಹಾಗಿತ್ತು. ನೂರರಲ್ಲಿ ಅರವತ್ತೊಂದು.

"ಊಹೆ ಮಾಡಾಕೆ ಅದಕ್ಕೆ ಯಾರು ಕಲಿಸಿದ್ರು?" ಎಂದು ನೀಲಾಂಬಿಕೆ ಕೇಳಿದಳು. ಕಂಪ್ಯೂಟರಿಗೆ ಬಸುರಿಯ ಹೊಟ್ಟೆಯ ಬಗ್ಗೆ ಏನು ಗೊತ್ತು ಎಂಬ ಸಿಟ್ಟು ಅವಳ ಮಾತಿನಲ್ಲಿತ್ತು.

ತಬಸ್ಸುಮ್ ಅವಳ ಮುಖ ನೋಡಲಿಲ್ಲ. "ನೀವೇ ಅಕ್ಕ. ಮೊದಲ ಎರಡು ವರ್ಷ ನೀವು ನೋಡಿದ ಎಲ್ಲ ಹೊಟ್ಟೆಗಳನ್ನೂ ದಾಖಲಿಸಿ ಕಲಿಸಿದ್ದು. ನಿಮ್ಮ ಕೈಯೇ ಎಲ್ಲರಿಗಿಂತ ನಿಖರ ಅಂತ ಆರಿಸಿದ್ದು."

ನೀಲಾಂಬಿಕೆಯ ಕೈ ಏನು ಸಿಗಬೇಕೆಂದು ಕಾಯುತ್ತಿತ್ತೋ ಅದನ್ನೇ ಯಂತ್ರ ತಂದು ಕೊಟ್ಟಿತ್ತು. ಬೇರೆ ಯಾರ ಊಹೆಯಾಗಿದ್ದರೂ ಅವಳು ತಟ್ಟನೆ ಹಿಡಿಯುತ್ತಿದ್ದಳು. ತನ್ನ ಕೈಯ ಮೇಲಿದ್ದ ನಂಬಿಕೆಯೇ ತನ್ನನ್ನು ಹಳ್ಳಕ್ಕೆ ಕೆಡವಿತಲ್ಲ ಎಂದು ನಾಚಿಕೆಯಾಯಿತು.

"ಲೈನ್ ಚೊಕ್ಕಟ ಇದ್ರೆ ಇದು ಹೆಂಗಾತು? ನಮ್ಮನೆಯವರು ಪರೀಕ್ಷೆ ಮಾಡಿದ್ರು. ತೊಂಬತ್ನಾಕು ಬಂತು."

"ಎಷ್ಟಕ್ಕೆ?"

"ನೂರಕ್ಕೆ."

"ನೂರಕ್ಕಲ್ಲ ಅಕ್ಕ, ಸಾವಿರಕ್ಕೆ" ಎಂದು ತಬಸ್ಸುಮ್ ಕುರ್ಚಿಯಿಂದ ಅರ್ಧ ಎದ್ದಳು. "ಒಂಬೈನೂರು ದಾಟಬೇಕು. ನೀಲಿ ವೈರಿನೊಳಗೆ ಎಂಟು ಎಳೆ ಇರ್ತವೆ. ಎಂಟೂ ಸರಿಯಾಗಿ ತಾಗಲಿಲ್ಲ ಅಂದ್ರೆ ಪೆಟ್ಟಿಗೆಯೂ ಕಂಪ್ಯೂಟರೂ ಹೋಗ್ಲಿ ಬಿಡು ಅಂತ ನಾಕರಲ್ಲೇ ನಿಧಾನಕ್ಕೆ ಕೆಲಸ ನಡೆಸ್ತವೆ, ಬಾಯಿ ಬಿಟ್ಟು ಹೇಳಲ್ಲ. ತೊಂದರೆ ನಿಮ್ಮ ಮನೆಯೊಳಗೇ ಇದೆ. ಪೆಟ್ಟಿಗೆ ಮೇಲಿನ ಲೈಟ್ ಯಾವ ಬಣ್ಣ ಇದೆ? ಹಸಿರಿರಬೇಕು."

"ಕೆಂಪಗೆ, ಕಿತ್ತಳೆ ಥರ ಕಾಣ್ತೈತೆ. ಅದು ಕುಂಕುಮಕ್ಕೆ. ಅದರ ಮೇಲೆ ಕುಂಕುಮ ಇಟ್ಟೀನಿ."

ತಬಸ್ಸುಮ್ ಪೂರ್ತಿ ಎದ್ದು ನಿಂತಳು. "ಕುಂಕುಮ ಇನ್ನೂ ಎಲ್ಲೆಲ್ಲಿ ಇಟ್ಟಿದ್ದೀರಿ ಅಕ್ಕ?"

ಆಗ ನೀಲಾಂಬಿಕೆಗೆ ಆಯುಧ ಪೂಜೆಯ ದಿನ ಕಣ್ಣಿಗೆ ಕಟ್ಟಿತು. ಹನ್ನೆರಡು ದಿನದ ಹಿಂದೆ ಮನೆಯ ಈಳಿಗೆ, ಸುತ್ತಿಗೆ, ಗಂಡನ ಸ್ಕೂಟರು ಎಲ್ಲ ತೊಳೆದಿದ್ದಳು. ತನಗೆ ಅನ್ನ ಹಾಕುವ ವೈರನ್ನು ಬಿಡುವುದುಂಟೇ? ಗೋಡೆ ಪೆಟ್ಟಿಗೆಯಿಂದ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ ಮಡಿ ಮಾಡಿದ್ದಳು. ಗಂಧ, ಕುಂಕುಮ ಇಡಲು ಅದರ ಮುಖ ಯಾವುದು ಎಂದು ತಿರುಗಿಸಿ ತಿರುಗಿಸಿ ನೋಡಿದ್ದಳು. ತುದಿಯಲ್ಲಿ ಎಂಟು ಸಣ್ಣ ಚಿನ್ನದ ಗೆರೆಗಳು ಫಳಫಳ ಎನ್ನುತ್ತಿದ್ದವು. ಇದೇ ಮುಖ, ಇನ್ನಾವುದು ಎಂದುಕೊಂಡು ಹಸಿ ಗಂಧ ತೇಯ್ದು ಹಚ್ಚಿ, ಮೇಲೆ ಕುಂಕುಮವಿಟ್ಟು, ಕೈ ಮುಗಿದು, ಹಾಗೇ ಪೆಟ್ಟಿಗೆಗೆ ಸಿಕ್ಕಿಸಿ ದಾರ ಕಟ್ಟಿದ್ದಳು.

"ಯಾರಾದ್ರೂ ಕೈ ಹಾಕಿದ್ರಾ ಅಂತ ಕೇಳಿದ್ನಲ್ಲ ಅಕ್ಕ" ಎಂದಳು ತಬಸ್ಸುಮ್ ಮೆಲ್ಲಗೆ.

"ಪೂಜೆ ಮಾಡಿದ್ರೆ ಕೈ ಹಾಕಿದಂಗೆ ಆಗ್ತೈತಾ ತಾಯಿ" ಎಂದು ನೀಲಾಂಬಿಕೆ ಅಳುವ ಹಾಗಾದಳು. ಅಳಲು ಹೊತ್ತಿರಲಿಲ್ಲ. ಗಂಟೆ ಮೂರಾಗಿತ್ತು.

ದಾರಿಯುದ್ದಕ್ಕೂ ಆಟೋದವನಿಗೆ ಜೋರಾಗಿ ಹೋಗಪ್ಪ ಎನ್ನುತ್ತ ಬಂದಳು. ಮಂಡಿಯ ನೋವು ಲೆಕ್ಕಿಸದೆ ಮೆಟ್ಟಿಲು ಹತ್ತಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು. "ಏ ನೀಲಾ, ಪೂಜೆ ದಾರ ಅದು" ಎಂದು ಪಂಚಾಕ್ಷರಿ ಕೂಗಿದ. "ದೇವರಿಗೆ ನಾನು ಉತ್ತರ ಹೇಳ್ಕಂತೀನಿ, ನೀವು ಸ್ಪಿರಿಟ್ ಬಾಟ್ಲಿ ತರ್ರಿ" ಎಂದಳು. ವೈರಿನ ತುದಿ ಎಳೆದು ನೋಡಿದರೆ ಚಿನ್ನದ ಗೆರೆಗಳ ನಡುವೆ ಗಂಧ ಒಣಗಿ ಗಾರೆಯಾಗಿತ್ತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬೆಂಕಿಕಡ್ಡಿಗೆ ಸುತ್ತಿ, ಹಸುಗೂಸಿನ ಹೊಕ್ಕುಳು ಒರೆಸುವಷ್ಟು ನಾಜೂಕಾಗಿ ಒಂದೊಂದೇ ಗೆರೆ ಒರೆಸಿದಳು. ಪೆಟ್ಟಿಗೆಯ ತೂತನ್ನೂ, ಲೈಟಿನ ಮೇಲಿನ ಕುಂಕುಮವನ್ನೂ ಒರೆಸಿದಳು. ಪಂಚಾಕ್ಷರಿ ಮೊಬೈಲಿನ ಬೆಳಕು ಹಿಡಿದು ನಿಂತಿದ್ದ. ಆರಲು ಬಿಟ್ಟು, ಉಸಿರು ಹಿಡಿದು ಸಿಕ್ಕಿಸಿದಳು.

ಲೈಟು ಕಿತ್ತಳೆಯಾಯಿತು. ಒಂದು ಗಳಿಗೆ ಮಿಟುಕಿತು. ಆಮೇಲೆ ಹಸಿರಾಯಿತು.

ನಾಲ್ಕು ದಾಟಿ ಹತ್ತು ನಿಮಿಷ. ಪರದೆಯಲ್ಲಿ ಹೊನ್ನೂರಮ್ಮ ಮಂಚದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಕೈ ಕಟ್ಟಿಕೊಂಡು ನಿಂತಿದ್ದಳು. ನೀಲಾಂಬಿಕೆ ಗವಸಿಗೆ ಕೈ ತೂರಿಸಲು ಹೋದವಳು ನಿಂತಳು. ವಾರ್ಡಿನಲ್ಲಿದ್ದಾಗ ಹೊಟ್ಟೆ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದಳು. ಈ ದಿಂಬು ಬಂದ ಮೇಲೆ ಅದು ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿದಿರಲಿಲ್ಲ.

"ಹೊನ್ನೂರಮ್ಮ, ಮಗು ಎಲ್ಲಿ ಒದಿತೈತೆ?"

"ಇಲ್ಲಿ ಅಕ್ಕ, ಈ ಎಡಪಕ್ಕದಾಗೆ" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು. "ಮೊದ್ಲು ಮೂರಕ್ಕೂ ಎದೆಗೂಡಿನ ಕೆಳಗೆ ಒದಿತಿದ್ವು. ಇದು ಹದಿನೈದು ದಿನದಿಂದ ಬರೇ ಪಕ್ಕಕ್ಕೇ ಒದಿತೈತೆ."

"ಅವತ್ತು ನನಗೆ ಯಾಕವ್ವ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ಲಕ್ಕ. ಮಿಷಿನ್ನಿಗೆ ಎಲ್ಲ ಗೊತ್ತಿರ್ತೈತೆ ಅನ್ಕಂಡೆ."

ನೀಲಾಂಬಿಕೆ ಗವಸು ತೊಟ್ಟಳು. ಕೆಳಗೆ ತಲೆ ಇರಬೇಕಾದ ಕಡೆ ಬೆರಳೂರಿದರೆ ಏನೂ ಇಲ್ಲ, ಬರೀ ಮೆತ್ತಗೆ, ಖಾಲಿ. ಬಲಪಕ್ಕಕ್ಕೆ ಸರಿದಳು. ಅಲ್ಲಿತ್ತು ತಲೆ, ಬಲ ಸೊಂಟಕ್ಕೆ ಆತುಕೊಂಡು, ಮಗು ತೊಟ್ಟಿಲಿಗೆ ಅಡ್ಡ ಮಲಗಿದ ಹಾಗೆ ಮಲಗಿತ್ತು. ಅಷ್ಟರಲ್ಲಿ ಹೊಟ್ಟೆ ಒಮ್ಮೆ ಬಿಗಿದು ಸಡಿಲಾಯಿತು. ನೋವು ದೂರವಿರಲಿಲ್ಲ.

"ನೋಡ್ರಮ್ಮ" ಎಂದು ಅವಳು ಅತ್ತೆಗೆ ಹೇಳಿದಳು, "ಅವತ್ತು ನಾನು ತಪ್ಪು ಹೇಳಿದ್ದೆ. ಮಿಷಿನ್ನಲ್ಲ, ನಾನು. ಮಗು ಅಡ್ಡ ಐತೆ. ಇಲ್ಲೇ ಇಟ್ಕಂಡ್ರೆ ನಿಮ್ಮ ಸೊಸೆಯೂ ಉಳಿಯಲ್ಲ, ಕೂಸೂ ಉಳಿಯಲ್ಲ. ಗಾಡಿ ಬರ್ತೈತೆ, ನೀವೂ ಹತ್ರಿ."

ಆ ಹೆಂಗಸು ಪರದೆಯನ್ನು ದಿಟ್ಟಿಸಿ ನೋಡಿದಳು. ದೊಡ್ಡ ಸಿಸ್ಟರು ತಪ್ಪು ಒಪ್ಪಿಕೊಳ್ಳುವುದನ್ನು ಅವಳು ಈ ಜನ್ಮದಲ್ಲಿ ನೋಡಿರಲಿಲ್ಲವೋ ಏನೋ. "ಚೀಲ ತರ್ತೀನಿ" ಎಂದಷ್ಟೇ ಹೇಳಿ ಹೊರಗೆ ಹೋದಳು.

ಅವರು ತಾಲ್ಲೂಕು ಆಸ್ಪತ್ರೆ ಸೇರಿದ ಅರ್ಧ ಗಂಟೆಗೆ ನೀರು ಒಡೆಯಿತು. ಆಪರೇಷನ್ ಮಾಡಿ ಹೆಣ್ಣು ಮಗುವನ್ನು ತೆಗೆದರು, ಇಬ್ಬರೂ ಕ್ಷೇಮ ಎಂದು ಓಬಮ್ಮ ಫೋನು ಮಾಡಿದಳು. ನೀಲಾಂಬಿಕೆ ಆ ಸುದ್ದಿ ಕೇಳಿಯೂ ಮಲಗಲಿಲ್ಲ. ಹನ್ನೆರಡು ದಿನದಲ್ಲಿ ಅವಳು ಮುಟ್ಟಿ ನೋಡಿದ್ದ ಇನ್ನೂ ಇಪ್ಪತ್ತಾರು ಜನ ಇದ್ದರು.

ಬೆಳಗಾಗುತ್ತಲೇ ತಬಸ್ಸುಮ್‌ಗೆ ಫೋನು ಮಾಡಿ, "ಆ ಪೂರಕ ಅನ್ನೋದನ್ನ ನನ್ನ ಲೈನಿಂದ ತೆಗೆದುಬಿಡು" ಎಂದಳು.

"ಲೈನ್ ನಿಧಾನ ಆದ್ರೆ ಕೈಗೆ ಏನೂ ಸಿಗಲ್ಲ ಅಕ್ಕ, ಖಾಲಿ ಅನ್ಸುತ್ತೆ."

"ಅನ್ಸಲಿ. ಖಾಲಿ ಐತೆ ಅಂತ ನನಗೆ ಗೊತ್ತಾಗಬೇಕು."

ಆ ಇಪ್ಪತ್ತಾರು ಜನರನ್ನೂ ನಾಲ್ಕು ದಿನದಲ್ಲಿ ಮತ್ತೆ ಕರೆಸಿದಳು. ಒಬ್ಬೊಬ್ಬರಿಗೂ ಮೊದಲು ಕೇಳಿದಳು, ಆಮೇಲೆ ಮುಟ್ಟಿದಳು. ಇಬ್ಬರ ವಿಷಯದಲ್ಲಿ ಹಿಂದೆ ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆಯಬೇಕಾಯಿತು.

ಆರು ವಾರದ ಮೇಲೆ ಹೊನ್ನೂರಮ್ಮ ಮಗುವಿಗೆ ಲಸಿಕೆ ಹಾಕಿಸಲು ಉಪಕೇಂದ್ರಕ್ಕೆ ಬಂದಳು. ಓಬಮ್ಮ ಸುಮ್ಮನಿರದೆ ದಿಂಬನ್ನು ಅಂಗಾತ ಮಾಡಿ, ಮೇಲೊಂದು ಬಟ್ಟೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದಳು. "ಅಕ್ಕ, ಗವಸು ಹಾಕ್ಕಳ್ರಿ" ಎಂದಳು.

ನೀಲಾಂಬಿಕೆ ಎರಡೂ ಅಂಗೈ ಮೇಲೆ ಮಾಡಿ ಹಿಡಿದಳು. ತಲೆ ಬಂದು ಕೂತಿತು. ಅದು ಗುಂಡಗಿರಲಿಲ್ಲ. ಒಂದು ಪಕ್ಕ ಸ್ವಲ್ಪ ಚಪ್ಪಟೆ, ನೆತ್ತಿಯ ಹತ್ತಿರ ಮೆತ್ತಗೆ, ಅವಳ ಕೈ ಕಾಯುತ್ತಿದ್ದಂಥ ತಲೆಯೇ ಅಲ್ಲ. ಅದು ತನಗೆ ಬೇಕೆನಿಸಿದ ಕಡೆ ತಿರುಗಿತು, ಬೇಡವೆನಿಸಿ ಮತ್ತೆ ಇತ್ತ ತಿರುಗಿತು. ಅವಳು ಈ ಸಲ ಕಣ್ಣು ಮುಚ್ಚಲಿಲ್ಲ. ಪರದೆಯ ಮೇಲೆ ಮಂಚ ತುಂಬಿತ್ತು.